ಅಕ್ಕೋರು ಯಾರ ಅವ್ವ?



ಈ ಸಲದ ಗೋಡೆ ಪತ್ರಿಕೆಗೆ ‘ದೊಡ್ಡಕ್ಕೋರ ನೆನಪು’ ಎಂಬ ವಿಷಯ ಕೊಟ್ಟಿದ್ದಾರೆ. ನಾಲ್ಕು ಜನ ಪದ್ಯ ಬರೆದಿದ್ದಾರೆ, ಇಬ್ಬರು ಚಿತ್ರ ತೆಗೆದಿದ್ದಾರೆ. ನಾನು ನನ್ನ ಅಭಿಪ್ರಾಯ ಬರೆಯಲೇನ್ರಿ ಎಂದು ಗುರುಗಳನ್ನು ಕೇಳಿದೆ. “ಬರಿ, ಆದ್ರ ಹಿರಿಯರಿಗೆ ನೋವಾಗೋ ಹಂಗ ಬರೀಬ್ಯಾಡ” ಅಂದರು. ಹಾಗೆಯೇ ಬರೆಯಲು ಪ್ರಯತ್ನ ಮಾಡಿದ್ದೇನೆ. ತಪ್ಪಿದ್ದರೆ ಕ್ಷಮಿಸಿರಿ.

ದೊಡ್ಡಕ್ಕೋರು 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರಿಗೆ 86 ವರ್ಷ. ಅವತ್ತು ಶಾಲೆಗೆ ರಜೆ ಕೊಟ್ಟರು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಕೆಲವರು ರಜೆ ಅಂತ ಓಡಿ ಹೋದರು. ಆಮೇಲೆ ಶಾಲೆಯ ಮುಂದೆ ಐದು ನಿಮಿಷ ಅವರನ್ನು ಇಳಿಸಿದಾಗ ಎಲ್ಲರೂ ತಿರುಗಿ ಬಂದು ಸುಮ್ಮನೆ ನಿಂತೆವು. ದನ ಕಾಯುವ ಅಜ್ಜ ಕೂಡ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನೂ ಅವರ ವಿದ್ಯಾರ್ಥಿ ಎಂದು ನನಗೆ ಅವತ್ತೇ ಗೊತ್ತಾಯಿತು.

ಒಂದು ವಾರದ ಮೇಲೆ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ಒಂಬತ್ತು ಜನ ಮಾತಾಡಿದರು. ನಾನು ಬೆರಳು ಮಡಿಚಿ ಎಣಿಸಿದೆ, ಒಂಬತ್ತೂ ಜನ “ಅವರು ಈ ಊರಿಗೇ ತಾಯಿ ಆಗಿದ್ದರು” ಅಂದರು. ಕಡೆಗೆ ಹಿರಿಯರು ಸೇರಿ ಊರ ಬಾಗಿಲಿಗೆ ಒಂದು ಕಮಾನು ಕಟ್ಟಿಸಿ, ಅದರ ಮೇಲೆ ‘ಮಹಾತಾಯಿ’ ಎಂದು ಅವರ ಹೆಸರು ಬರೆಸಬೇಕು ಎಂದು ಠರಾವು ಮಾಡಿದರು. ಪಟ್ಟಿ ಎತ್ತುವುದೂ ಶುರುವಾಗಿದೆ. ಖರ್ಚು ಲಕ್ಷ ದಾಟುತ್ತದಂತೆ.

ಸಭೆಯಲ್ಲಿ ಮುಂದಿನ ಸಾಲಿನ ಖುರ್ಚಿಯಲ್ಲಿ ಅಕ್ಕೋರ ಮಗಳು ಕುಂತಿದ್ದರು. ಅವರಿಗೆ ಈಗ 63 ವರ್ಷ, ಹುಬ್ಬಳ್ಳಿಯಲ್ಲಿರುತ್ತಾರೆ. “ನೀವೂ ನಾಲ್ಕು ಮಾತು ಹೇಳ್ರಿ” ಅಂದರೆ ಕೈ ಮುಗಿದು ಬೇಡ ಅಂದರು. ಎಲ್ಲರೂ ದುಃಖದಿಂದ ಮಾತು ಬರಲಿಲ್ಲ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಮನೆ ಅಕ್ಕೋರ ಮನೆಯ ಎದುರಿಗೆ. ಅವರ ಕಣ್ಣು ಮಂಜಾದ ಮೇಲೆ ಮೂರು ವರ್ಷ ದಿನಾ ಸಂಜೆ ನಾನೇ ಹೋಗಿ ಪೇಪರ್ ಓದುತ್ತಿದ್ದೆ. ಪೇಪರ್ ಬರುವುದು ಹನ್ನೊಂದರ ಬಸ್ಸಿಗೆ, ನಾನು ಓದುವಷ್ಟರಲ್ಲಿ ಅದು ಹಳೆಯದಾಗಿರುತ್ತಿತ್ತು. ಅಕ್ಕೋರಿಗೆ ಅದರ ಚಿಂತೆ ಇರಲಿಲ್ಲ. ನಾನು ಶ, ಷ, ಸ ಒಂದೇ ಥರ ಅಂದರೆ “ಮೂರು ಅಕ್ಷರ ಮಾಡಿದವ್ರಿಗೆ ಬ್ಯಾರೆ ಉದ್ಯೋಗ ಇರ್ಲಿಲ್ಲೇನು? ಇನ್ನೊಮ್ಮೆ ಓದು” ಅನ್ನುತ್ತಿದ್ದರು. ಓದು ಮುಗಿದ ಮೇಲೆ ಒಂದು ಬೆಲ್ಲದ ಚೂರು. ಅವರು ಬರೀ ಮೆತ್ತಗಿನವರು ಎಂದು ತಿಳಿಯಬೇಡಿರಿ. ನಮ್ಮಪ್ಪನ ಅಂಗೈ ಮೇಲೆ ಅವರ ಫುಟ್‌ಪಟ್ಟಿ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಅಪ್ಪ ಈಗಲೂ ಅಕ್ಕೋರ ಬಾಗಿಲ ಮುಂದೆ ದಾಟುವಾಗ ಸೈಕಲ್ ಇಳಿಯುತ್ತಾನೆ.

ಪೇಪರ್ ಓದುವ ನಡುವೆ ಅವರು ಹಳೆಯ ಕಥೆ ಹೇಳುತ್ತಿದ್ದರು. ಅವರು ಹುಟ್ಟಿದ್ದು 1939ರಲ್ಲಿ. ನನ್ನ ವಯಸ್ಸಿನಲ್ಲಿ ಅವರು ಮುಲ್ಕಿ ಪರೀಕ್ಷೆಗೆ ಓದುತ್ತಿದ್ದರು. ಆಗ ಏಳನೆಯ ಇಯತ್ತೆಯ ಪರೀಕ್ಷೆಗೆ ಮುಲ್ಕಿ ಅನ್ನುತ್ತಿದ್ದರು, ಅದನ್ನು ಪಾಸಾದರೆ ದೊಡ್ಡ ಮಾತು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ 1958ರಲ್ಲಿ ನೌಕರಿಗೆ ಸೇರಿದರು. ಆಗ ನಮ್ಮ ರಾಜ್ಯಕ್ಕೆ ಮೈಸೂರು ರಾಜ್ಯ ಎಂದೇ ಹೆಸರು, ಕರ್ನಾಟಕ ಆದದ್ದು 1973ರಲ್ಲಿ. ನಮ್ಮೂರಿಗೆ ಬಂದದ್ದು 1964ರಲ್ಲಿ. ನಡುವೆ ಎರಡು ಸಲ ವರ್ಗವಾಗಿ ಹೋಗಿ ಮತ್ತೆ ಇಲ್ಲಿಗೇ ಬಂದು, 1997ರಲ್ಲಿ 58 ತುಂಬಿದಾಗ ಇಲ್ಲಿಂದಲೇ ನಿವೃತ್ತರಾದರು.

ಮೊದಲು ಶಾಲೆ ಇದ್ದದ್ದು ಹನುಮಪ್ಪನ ಗುಡಿಯ ಪೌಳಿಯಲ್ಲಿ. ಒಬ್ಬರೇ ಅಕ್ಕೋರು, ನಾಲ್ಕು ಇಯತ್ತೆ. ಒಂದನೆಯವರು ಉಸುಕಿನಲ್ಲಿ ಅಕ್ಷರ ತಿದ್ದುತ್ತಿದ್ದರು, ಎರಡನೆಯವರು ಮಗ್ಗಿ ಒದರುತ್ತಿದ್ದರು, ನಾಲ್ಕನೆಯವರು ಒಂದನೆಯವರಿಗೆ ಕಲಿಸುತ್ತಿದ್ದರು. ಕೇರ್ ಸಂಸ್ಥೆಯಿಂದ ಬರುತ್ತಿದ್ದ ಹಾಲಿನ ಪುಡಿ, ಗೋಧಿ ರವೆಯ ಉಪ್ಪಿಟ್ಟು. ಅದರ ವಾಸನೆ ಇನ್ನೂ ಮೂಗಿನಲ್ಲಿದೆ ಎಂದು ಊರಿನ ಅಜ್ಜಂದಿರೆಲ್ಲ ಹೇಳುತ್ತಾರೆ.

1961ರಿಂದ 1991ರವರೆಗೆ ನಾಲ್ಕು ಜನಗಣತಿಯಲ್ಲಿ ಅಕ್ಕೋರು ಮನೆ ಮನೆಗೆ ಹೋಗಿ ಎಣಿಸಿದ್ದಾರೆ. 1961ರ ಗಣತಿಯಲ್ಲಿ ಇಡೀ ದೇಶದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಸುಮಾರು 15 ಜನ ಮಾತ್ರ. 2011ರಲ್ಲಿ ಅದು ಸುಮಾರು 65 ಆಗಿತ್ತು ಎಂದು ಗಣಿತದ ಗುರುಗಳು ಹೇಳಿದರು. ಮನೆ ಎಣಿಸಲು ಹೋದಾಗ ಅಕ್ಕೋರು ಶಾಲೆಗೆ ಬಾರದ ಹುಡುಗಿಯರನ್ನೂ ಮನಸ್ಸಿನಲ್ಲಿ ಎಣಿಸಿಕೊಂಡು ಬರುತ್ತಿದ್ದರು. ಸಂಜೆ ಮತ್ತೆ ಆ ಮನೆಗೆ ಹೋಗಿ ಯಾಕೆ ಕಳಿಸುವುದಿಲ್ಲ ಎಂದು ಕೇಳುತ್ತಿದ್ದರು. ಬಹಳ ಮನೆಗಳಲ್ಲಿ ಒಂದೇ ಉತ್ತರ. “ಅಕ್ಕೋರ, ಆಕಿ ಬಂದ್ರ ಕೂಸು ನೋಡ್ಕೊಳ್ಳೋರು ಯಾರ್ರಿ? ನಾ ಕೂಲಿಗೆ ಹೋಗ್ಬೇಕು.”

ಅದಕ್ಕೆ ಅಕ್ಕೋರು ಮಾಡಿದ ಉಪಾಯ ಕೇಳಿರಿ. “ಕೂಸಿನ ಸಮೇತ ಕಳಸ್ರಿ” ಅಂದುಬಿಟ್ಟರು. ಪೌಳಿಯ ಕಂಬಗಳಿಗೆ ಹಳೆಯ ಸೀರೆಗಳ ಜೋಲಿ ಕಟ್ಟಿದರು. ಒಂದು ಹೊತ್ತಿನಲ್ಲಿ ನಾಲ್ಕು ಜೋಲಿ ಇರುತ್ತಿದ್ದವಂತೆ. ಹುಡುಗಿಯರು ಒಂದು ಕೈಯಿಂದ ಜೋಲಿಯ ಹಗ್ಗ ಎಳೆಯುತ್ತ ಇನ್ನೊಂದು ಕೈಯಿಂದ ಪಾಟಿಯಲ್ಲಿ ಬರೆಯುತ್ತಿದ್ದರು. ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು “ಇದು ಸಾಲಿನೋ ಬಾಣಂತಿ ಖೋಲಿನೋ?” ಎಂದು ಸಿಟ್ಟಾದರಂತೆ. ಅಕ್ಕೋರು, “ಸಾಹೇಬ್ರ, ಕೂಸು ಹೊರಗ ಉಳಿದ್ರ ಹುಡುಗೀನೂ ಹೊರಗ ಉಳೀತಾಳ್ರಿ” ಅಂದರಂತೆ. ಸಾಹೇಬರು ಏನೂ ಬರೆಯದೆ ಹೋದರು. ಈ ಕಥೆಯನ್ನು ಅಕ್ಕೋರು ಕಡಿಮೆಯೆಂದರೂ ಹತ್ತು ಸಲ ಹೇಳಿದ್ದಾರೆ, ಹತ್ತೂ ಸಲ ನಕ್ಕಿದ್ದಾರೆ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ.

ಹದಿಮೂರು ದಿನದ ಕಾರ್ಯ ಮುಗಿದ ಮೇಲೆ ಅಕ್ಕೋರ ಮಗಳು ಮನೆಯ ಸಾಮಾನು ತೆಗೆದಿಡುತ್ತಿದ್ದರು. ನಾನು ಪೇಪರ್ ಕಟ್ಟು ಹೊರಗೆ ಇಡಲು ಹೋಗಿದ್ದೆ. ಜೋಲಿಯ ಕಥೆ ಹೇಳಿದೆ. ಅವರಿಗೆ ಖುಷಿಯಾಗುತ್ತದೆ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಊರ ಕೂಸೆಲ್ಲ ಸಾಲ್ಯಾಗ ಜೋಲಿ ಆಡ್ತಿದ್ವು. ನನ್ನ ತಮ್ಮ ಮನ್ಯಾಗ ಅಳ್ತಿದ್ದ” ಅಂದರು.

ಯಾಕೆ ಎಂದು ಕೇಳಿದೆ. ಅಕ್ಕೋರ ಮಗ ಹುಟ್ಟಿದ್ದು 1965ರಲ್ಲಿ. ಬಾಣಂತನದ ರಜೆ ಮೂರು ತಿಂಗಳು. ಅದು ಮುಗಿದ ಕೂಡಲೇ ಶಾಲೆ. ಆದರೆ ತಮ್ಮ ಕೂಸನ್ನು ಅವರು ಒಂದು ದಿನವೂ ಶಾಲೆಗೆ ತರಲಿಲ್ಲ. ‘ಸರಕಾರದ ಪಗಾರ ತೊಗೊಂಡು ತನ್ನ ಕೂಸು ಆಡಸ್ತಾಳ’ ಎಂದು ಯಾರಾದರೂ ಅಂದಾರು ಎಂಬ ಹೆದರಿಕೆ. ಹಂಗೇನಾದರೂ ಅಂದಿದ್ದರೆ ಉಳಿದ ಜೋಲಿಗಳನ್ನೂ ಬಿಚ್ಚಬೇಕಾಗುತ್ತಿತ್ತು. ಅವರ ಯಜಮಾನರು ಬೇರೆ ಊರಿನಲ್ಲಿ ಮಾಸ್ತರು. ಕೂಸನ್ನು ನೋಡಿಕೊಂಡದ್ದು ಅಜ್ಜಿ.

ಮಗಳು ಅವ್ವನ ಕೈಯಲ್ಲೇ ನಾಲ್ಕು ವರ್ಷ ಕಲಿತರು. ಒಂದು ದಿನ ಬಾಯಿ ತಪ್ಪಿ “ಅವ್ವಾ, ಬಳಪ ಮುಗೀತು” ಅಂದರಂತೆ. ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. “ಸಾಲ್ಯಾಗ ಅಕ್ಕೋರ ಅನ್ನಬೇಕು” ಅಂದರು. ಮನೆಗೆ ಬಂದರೆ ಅವ್ವ ಕಂದೀಲಿನ ಮುಂದೆ ಕುಂತು ಹಾಜರಿ ಪುಸ್ತಕ ತುಂಬುತ್ತಿದ್ದಳು, ಇಲ್ಲವಾದರೆ ಯಾರದೋ ಮನೆಗೆ ಹೋಗಿರುತ್ತಿದ್ದಳು. “ಸಭಾದಾಗ ಎಲ್ಲಾರೂ ಅವ್ವ ಅವ್ವ ಅಂದ್ರು. ನಾ ಜಾಸ್ತಿ ಅಂದದ್ದು ಅಕ್ಕೋರ ಅಂತನ. ನಾ ಏನ್ ಮಾತಾಡ್ಲಿ ಹೇಳವಾ?” ಎಂದು ಅವರು ನನ್ನನ್ನೇ ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ಕೇಳುತ್ತ ಅಕ್ಕೋರ ಸೀರೆಗಳನ್ನು ಒಂದೊಂದಾಗಿ ಮಡಿಚಿ ಇಡುತ್ತಿದ್ದರು.

ಆವಾಗ ನನಗೆ ಒಂದು ಮಾತು ನೆನಪಾಯಿತು. ಒಮ್ಮೆ ಅಕ್ಕೋರು ನನ್ನ ಜಡೆ ಮುಟ್ಟಿ ನೋಡಿ, ಯಾರು ಹಾಕಿದ್ದು ಎಂದು ಕೇಳಿದರು. ನಮ್ಮವ್ವ ಅಂದೆ. “ನನ್ನ ಮಗಳಿಗೆ ಮಗ್ಗಿ ಕಲಿಸಿದೆ, ತಲಿ ಬಾಚಲಿಲ್ಲ” ಅಂದು, “ಹೂಂ, ಮುಂದ ಓದು” ಅಂದರು. ನಾನು ಮಳೆಯ ಸುದ್ದಿ ಓದಿದೆ. ಆಗ ನನಗೆ ತಿಳಿಯಲಿಲ್ಲ. ಈಗ ಅನಿಸುತ್ತದೆ, ಅವರಿಗೆ ಎಲ್ಲ ಗೊತ್ತಿತ್ತು.

ನಮ್ಮ ಆಫೀಸ್ ಖೋಲಿಯಲ್ಲಿ ಸಾವಿತ್ರಿಬಾಯಿ ಫುಲೆ ಅವರ ಫೋಟೋ ಇದೆ. ಪ್ರತಿ ವರ್ಷ ಜನವರಿ 3ಕ್ಕೆ ಹೂವು ಏರಿಸಿ, 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು ಎಂದು ಭಾಷಣ ಮಾಡುತ್ತೇವೆ. ಅವರಿಗೆ ಯಶವಂತ ಎಂಬ ದತ್ತು ಮಗ ಇದ್ದ, ಅವನು ಡಾಕ್ಟರ್ ಆದ, 1897ರಲ್ಲಿ ಪ್ಲೇಗ್ ಬಂದಾಗ ತಾಯಿ ಮಗ ಇಬ್ಬರೂ ರೋಗಿಗಳ ಸೇವೆ ಮಾಡಿದರು, ಅದೇ ರೋಗ ತಗುಲಿ ಸಾವಿತ್ರಿಬಾಯಿ ಮಾರ್ಚ್ 10ರಂದು ತೀರಿಕೊಂಡರು. ಇದನ್ನು ನನಗೆ ಹೇಳಿದ್ದು ದೊಡ್ಡಕ್ಕೋರು. ನಮ್ಮ ಭಾಷಣಗಳಲ್ಲಿ ಮಗನ ಸುದ್ದಿ ಬರುವುದೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ‘ಊರಿಗೇ ತಾಯಿ’ ಅನ್ನುವುದು ಬಾಯಿಗೆ ಸುಲಭ. ಅಕ್ಕೋರು ಇಬ್ಬರು ಮಕ್ಕಳ ತಾಯಿ. ನಮಗೆ ಅವರು ಅಕ್ಕೋರು, ಪಗಾರದ ಕೆಲಸವನ್ನು ಪಗಾರಕ್ಕಿಂತ ಹೆಚ್ಚು ಮಾಡಿದ ಅಕ್ಕೋರು. ಆ ಹೆಚ್ಚಿನದಕ್ಕೆ ಬೆಲೆ ಕೊಟ್ಟವರು ಆ ಇಬ್ಬರು ಮಕ್ಕಳು ಮತ್ತು ಒಬ್ಬ ಅಜ್ಜಿ. ನಾವು ‘ತಾಯಿ’ ಎಂದು ಕಮಾನಿನ ಮೇಲೆ ಬರೆಸಿದರೆ ಅವರಿಗೆ ಇದ್ದ ಸ್ವಲ್ಪವನ್ನೂ ನಾವೇ ತೆಗೆದುಕೊಂಡ ಹಾಗೆ. ಹೆಸರು ಬರೆಸುವುದಾದರೆ ‘ಅಕ್ಕೋರು’ ಎಂದು ಬರೆಸಲಿ.

ಮತ್ತೆ, ಕಮಾನೇ ಯಾಕೆ ಬೇಕು?

ನಮ್ಮ ತರಗತಿಯಲ್ಲಿ ಕಿಟಕಿಯ ಹತ್ತಿರದ ಒಂದು ಜಾಗ ಸಂಕ್ರಾಂತಿಯಿಂದ ಖಾಲಿ ಇದೆ. ಅವಳ ಹೆಸರು ಬರೆಯುವುದಿಲ್ಲ, ಅವಳಿಗೆ ನಾಚಿಕೆಯಾಗಬಾರದು. ನಿಮಗೆಲ್ಲ ಗೊತ್ತಿದೆ. ಅವಳಿಗೆ ಜ್ವರ ಬಂದಿಲ್ಲ, ಊರು ಬಿಟ್ಟಿಲ್ಲ. ಅವಳ ಅವ್ವ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ, ಅವಳು ಎಂಟು ತಿಂಗಳ ತಮ್ಮನನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕುಂತಿರುತ್ತಾಳೆ. ಮಗ್ಗಿ ನನಗಿಂತ ಚೆನ್ನಾಗಿ ಹೇಳುವವಳು. ಮೊನ್ನೆ ನಾನು ಹೋದಾಗ ‘ದಶಮಾಂಶ ಮುಗೀತೇನು?’ ಎಂದು ಕೇಳಿದಳು. ಮುಗಿದು ಬೀಜಗಣಿತ ಶುರುವಾಗಿದೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಅಕ್ಕೋರು ಜೋಲಿ ಕಟ್ಟಿ ಅರವತ್ತು ವರ್ಷ ಆಯಿತು. ಇನ್ನೂ ಅದೇ ಉತ್ತರ ಅದೇ ಕಟ್ಟೆಯ ಮೇಲೆ ಇದೆ. ದೇಶದಲ್ಲಿ 1975ರಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು, ನಮ್ಮೂರಿನಲ್ಲೂ ಇದೆ, ಆದರೆ ಅಲ್ಲಿ ಕೂಡಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು. ತೊಡೆಯ ಮೇಲಿನ ಕೂಸಿಗೆ ಜಾಗವಿಲ್ಲ. 2023ರಲ್ಲಿ ಸರಕಾರ ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯುತ್ತೇವೆ ಎಂದು ಹೇಳಿತು. ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು. ಆ ಸುದ್ದಿಯನ್ನು ಅಕ್ಕೋರಿಗೆ ಪೇಪರಿನಲ್ಲಿ ಓದಿ ಹೇಳಿದವಳು ನಾನೇ. “ನೋಡು, ನನ್ನ ಜೋಲಿ ವಿಧಾನಸೌಧಕ್ಕ ಹೋಗಿ ಬಂತು” ಎಂದು ನಕ್ಕಿದ್ದರು. ನಮ್ಮೂರಿಗೆ ಮಾತ್ರ ಅದು ಇನ್ನೂ ಬಂದಿಲ್ಲ.

ಗುಡಿಯ ಪೌಳಿಯ ಪಕ್ಕದ ಹಳೆಯ ಶಾಲೆಯ ಖೋಲಿಯಲ್ಲಿ ಈಗ ಖಾಲಿ ಚೀಲ, ಮುರಿದ ಬೆಂಚು ತುಂಬಿದ್ದಾರೆ. ಗೋಡೆ ಗಟ್ಟಿ ಇದೆ, ಹಂಚು ಸೋರುತ್ತದೆ. ಕಮಾನಿನ ರೊಕ್ಕದಲ್ಲಿ ಹಂಚು ಹೊದಿಸಿ, ಸುಣ್ಣ ಹಚ್ಚಿ, ಕೂಸಿನ ಮನೆಗೆ ಇದನ್ನು ಕೊಡುತ್ತೇವೆ ಎಂದು ಪಂಚಾಯ್ತಿಗೆ ಹೇಳಬಹುದು. ನಮ್ಮವ್ವ “ಕಮಾನು ಆಗ್ಲಿ ಬಿಡು, ಊರಿಗೆ ಶೋಭಾ” ಅನ್ನುತ್ತಾಳೆ. ಅಪ್ಪ “ಸಣ್ಣ ಬಾಯಿಲೆ ದೊಡ್ಡ ಮಾತು ಬ್ಯಾಡ” ಅಂದ. ಕಮಾನು ಕಟ್ಟಿಸುವವರಿಗೂ ಅಕ್ಕೋರ ಮೇಲೆ ಪ್ರೀತಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಮಾನಿನ ಕೆಳಗೆ ಎತ್ತಿನ ಬಂಡಿ, ಟ್ರ್ಯಾಕ್ಟರ್ ಹೋಗುತ್ತವೆ. ನನ್ನ ಗೆಳತಿ ಕಟ್ಟೆಯ ಮೇಲೆಯೇ ಇರುತ್ತಾಳೆ.

ಮಕ್ಕಳ ಗ್ರಾಮ ಸಭೆಯಲ್ಲಿ ಈ ಸಲ ನಾವು ಕಾಂಪೌಂಡು, ನೀರಿನ ಟಾಕಿ ಕೇಳಿದೆವು. ಇದನ್ನು ಕೇಳಲು ನನಗೆ ಹೊಳೆಯಲಿಲ್ಲ, ಅದು ನನ್ನ ತಪ್ಪು. ಅದಕ್ಕೇ ಈಗ ಒಂದು ಅರ್ಜಿ ಬರೆದಿದ್ದೇನೆ. ಗಣಿತದ ಗುರುಗಳು ನೋಡಿ ಎರಡು ಕಾಗುಣಿತ ತಿದ್ದಿಕೊಟ್ಟಿದ್ದಾರೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅದನ್ನು ತೆಗೆದುಕೊಂಡು ಮೊದಲು ಕಮಾನಿನ ಹಿರಿಯರ ಹತ್ತಿರ, ಆಮೇಲೆ ಪಂಚಾಯ್ತಿಗೆ ಹೋಗುವವಳಿದ್ದೇನೆ. ಒಬ್ಬಳೇ ಹೋಗಲು ಅಂಜಿಕೆಯಾಗುತ್ತದೆ. ಬರುವವರು ಶುಕ್ರವಾರದೊಳಗೆ ಸಹಿ ಮಾಡಿರಿ. ಪೆನ್ನು ನೀವೇ ತರಬೇಕು, ನನ್ನದರ ಶಾಯಿ ಇದನ್ನು ಬರೆಯುವುದರಲ್ಲೇ ಮುಗಿಯುತ್ತ ಬಂತು.

– 7ನೇ ತರಗತಿಯ ವಿದ್ಯಾರ್ಥಿನಿ