ಎಂಟರಲ್ಲಿ ಗೆದ್ದ ಮಗು ಪಿಯು ದಾಟಿದ ಮೇಲೆ?

ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ಪರೀಕ್ಷೆ ಹತ್ತಿರ ಬಂತೆಂದರೆ ಸರ್ಕಾರಿ ಶಾಲೆಗಳ ಎಷ್ಟೋ ಮೇಷ್ಟ್ರು ಬೆಲ್ ಹೊಡೆದ ಮೇಲೂ ಎಂಟನೇ ತರಗತಿಯವರನ್ನು ಮನೆಗೆ ಬಿಡುವುದಿಲ್ಲ. ಸಂಖ್ಯಾಶ್ರೇಣಿ, ಕನ್ನಡಿ ಬಿಂಬ, ರಕ್ತಸಂಬಂಧದ ಲೆಕ್ಕ ಎಂದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಅದಕ್ಕೆಂದು ಅವರಿಗೆ ಹೆಚ್ಚುವರಿ ಸಂಬಳವೇನೂ ಇಲ್ಲ. ತಮ್ಮ ಶಾಲೆಯ ನಾಲ್ಕು ಮಕ್ಕಳ ಹೆಸರು ಆಯ್ಕೆಪಟ್ಟಿಯಲ್ಲಿ ಬಂದರೆ ಸಾಕು ಎಂಬ ಆಸೆ ಅಷ್ಟೆ.

ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿದ ಈ ವಿದ್ಯಾರ್ಥಿವೇತನ ಯೋಜನೆ ಪ್ರತಿಭೆಯನ್ನೂ ಬಡತನವನ್ನೂ ಒಟ್ಟಿಗೆ ನೋಡುತ್ತದೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ ಪ್ರವೇಶ. ಖಾಸಗಿ ಶಾಲೆಯವರಿಗೂ ಇಲ್ಲ, ನವೋದಯ, ಕೇಂದ್ರೀಯ ವಿದ್ಯಾಲಯದವರಿಗೂ ಇಲ್ಲ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಬೌದ್ಧಿಕ ಸಾಮರ್ಥ್ಯದ್ದೊಂದು, ಶಾಲಾ ವಿಷಯಗಳದ್ದೊಂದು, ಹೀಗೆ 90 ಪ್ರಶ್ನೆಗಳ ಎರಡು ಪತ್ರಿಕೆ. ದೇಶದಾದ್ಯಂತ ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನ. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ.

ಪಿಯು ಮುಗಿಯಿತೋ, ಹಣವೂ ನಿಂತಿತು.

ಯೋಜನೆಯ ದೊಡ್ಡ ಕೊರತೆ ಇದೇ. ಶುಲ್ಕ, ಹಾಸ್ಟೆಲ್, ಬಸ್ ಪಾಸ್, ಪುಸ್ತಕ ಎಂದು ಖರ್ಚು ಒಮ್ಮೆಲೇ ಏರುವುದು ಡಿಗ್ರಿಗೆ ಕಾಲಿಟ್ಟಾಗ. ಪದವಿ ಓದುವವರಿಗೆ ಕೇಂದ್ರದ ಬೇರೊಂದು ವಿದ್ಯಾರ್ಥಿವೇತನ ಉಂಟು. ರಾಜ್ಯದ ಪೋಸ್ಟ್ ಮೆಟ್ರಿಕ್ ನೆರವೂ ಉಂಟು. ಆದರೆ ಅವಕ್ಕೆ ಮತ್ತೆ ಹೊಸ ಅರ್ಜಿ, ಹೊಸ ದಾಖಲೆ, ಹೊಸ ಸ್ಪರ್ಧೆ. ಎಂಟನೇ ತರಗತಿಯಲ್ಲಿ ಸರ್ಕಾರವೇ ಗುರುತಿಸಿದ ಮಗು ಹದಿನೆಂಟರ ವಯಸ್ಸಿಗೆ ಅದೇ ಸರ್ಕಾರಕ್ಕೆ ಅಪರಿಚಿತವಾಗುತ್ತದೆ.

ಹಿಂದೆ ಹೀಗಿರಲಿಲ್ಲ. ಎನ್‌ಸಿಇಆರ್‌ಟಿ 1963ರಲ್ಲಿ ದೆಹಲಿಯಲ್ಲಿ ಆರಂಭಿಸಿ, ಮರುವರ್ಷ ದೇಶಕ್ಕೆಲ್ಲ ವಿಸ್ತರಿಸಿದ ರಾಷ್ಟ್ರೀಯ ಪ್ರತಿಭಾ ಶೋಧ ಯೋಜನೆ, ಗೆದ್ದವರನ್ನು ಸ್ನಾತಕೋತ್ತರ ಹಂತ ದಾಟಿ ಪಿಎಚ್‌.ಡಿವರೆಗೂ ಕೈಹಿಡಿದು ನಡೆಸುತ್ತಿತ್ತು. 2021ರ ಮಾರ್ಚ್‌ಗೆ ಮಂಜೂರಾತಿಯ ಅವಧಿ ಮುಗಿದು ಅದು ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯಂತೂ ಪ್ರಥಮ ಪಿಯುನಲ್ಲೇ ಮಕ್ಕಳನ್ನು ಆರಿಸುತ್ತಿತ್ತು. ಮೂಲವಿಜ್ಞಾನದ ಪದವಿಗೆ ಸೇರಿದರೆ ತಿಂಗಳಿಗೆ 5,000 ರೂಪಾಯಿ. ಅದೇ ಅಂಕದ ಮೇಲೆ ಐಐಎಸ್‌ಸಿಯ ಪದವಿ ತರಗತಿಗೂ ದಾರಿ. 2022ರಲ್ಲಿ ಅದನ್ನು ‘ಇನ್‌ಸ್ಪೈರ್’ ಯೋಜನೆಯೊಳಗೆ ಸೇರಿಸಿ ಪರೀಕ್ಷೆಯನ್ನೇ ಕೈಬಿಡಲಾಯಿತು.

ಅಮೆರಿಕದಲ್ಲಿ ಇಂಥ ಪರೀಕ್ಷೆ ಕಾಲೇಜಿನ ಬಾಗಿಲಲ್ಲೇ ಇದೆ. ಅಲ್ಲಿನ ಹನ್ನೊಂದನೇ ತರಗತಿಯವರು ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ, ಹೆಸರಿಗೆ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಪೂರ್ವಸಿದ್ಧತೆ. ಅದರ ಅಂಕವೇ 1955ರಲ್ಲಿ ಹುಟ್ಟಿದ ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನದ ಮೊದಲ ಮೆಟ್ಟಿಲು. ವರ್ಷಕ್ಕೆ ಸುಮಾರು 13 ಲಕ್ಷ ಮಂದಿಯಲ್ಲಿ 16,000 ಮಂದಿ ಸೆಮಿಫೈನಲ್‌ಗೆ ಬರುತ್ತಾರೆ. ಕೊನೆಗೆ ವಿದ್ಯಾರ್ಥಿವೇತನ ಸಿಗುವುದು ಏಳು ಸಾವಿರದಷ್ಟು ಮಂದಿಗೆ. ಮೂಲ ಮೊತ್ತ 2,500 ಡಾಲರ್, ಅದೂ ಒಂದೇ ಸಲ. ನಿಜವಾದ ಲಾಭ ಬೇರೆ ಕಡೆ ಇದೆ: ಅಲಬಾಮ ವಿಶ್ವವಿದ್ಯಾಲಯದಂಥ ಕೆಲವು ಸಂಸ್ಥೆಗಳು ಫೈನಲ್ ತಲುಪಿದವರಿಗೆ ಪೂರ್ತಿ ಬೋಧನಾ ಶುಲ್ಕವನ್ನೇ ಬಿಟ್ಟುಕೊಡುತ್ತವೆ.

ಹಾಗೆಂದು ಆ ಮಾದರಿಯನ್ನು ಇದ್ದಹಾಗೇ ತಂದು ನಡಬೇಕಿಲ್ಲ. ಅಲ್ಲಿ ಕುಟುಂಬದ ಆದಾಯವನ್ನು ನೋಡುವುದಿಲ್ಲ. ಒಳ್ಳೆಯ ಶಾಲೆ, ದುಬಾರಿ ತರಬೇತಿ ಪಡೆದವರೇ ಮುಂದೆ ಬರುತ್ತಾರೆ ಎಂಬ ದೂರು ಹಳೆಯದು. ಈ ವಿದ್ಯಾರ್ಥಿವೇತನಕ್ಕೆ ಹಣ ಕೊಡುವುದನ್ನು ನಿಲ್ಲಿಸಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳು 2005ರಲ್ಲೇ ತೀರ್ಮಾನಿಸಿದವು. ನಮ್ಮಲ್ಲೂ ಪ್ರತಿಭಾ ಶೋಧ ಪರೀಕ್ಷೆ ಕೋಚಿಂಗ್ ಕೇಂದ್ರಗಳ ಜಾಹೀರಾತಿನ ಸರಕಾಗಿತ್ತು. ಅದನ್ನು ಹಳೆಯ ರೂಪದಲ್ಲೇ ಮತ್ತೆ ತಂದರೆ ಪಟ್ಟಣದ ಖಾಸಗಿ ಶಾಲೆಗಳಿಗೆ ಇನ್ನೊಂದು ಫ್ಲೆಕ್ಸ್ ಹಾಕಿಸುವ ಅವಕಾಶವಷ್ಟೇ ಸಿಕ್ಕೀತು.

ಆದ್ದರಿಂದ ಬೆಳೆಸಬೇಕಾದದ್ದು ಎನ್‌ಎಂಎಂಎಸ್ ಅನ್ನೇ. ಆದಾಯ ಮಿತಿಯ ಜರಡಿ ಅದರಲ್ಲಿ ಈಗಾಗಲೇ ಇದೆ, ಪರೀಕ್ಷೆ ನಡೆಸುವ ವ್ಯವಸ್ಥೆಯೂ ಇದೆ. ದ್ವಿತೀಯ ಪಿಯುವರೆಗೆ ವಿದ್ಯಾರ್ಥಿವೇತನ ಉಳಿಸಿಕೊಂಡು ಬಂದವರಿಗೆ, ಮರು ಅರ್ಜಿಯ ಗೋಜಿಲ್ಲದೆ ಮೂರು ವರ್ಷದ ಪದವಿಗೂ ಅದನ್ನು ಮುಂದುವರಿಸಬಹುದು. ಲಕ್ಷ ಮಂದಿಗೂ ಈಗಿನ ಮೊತ್ತವನ್ನೇ ಕೊಟ್ಟರೂ ಒಂದು ತಂಡಕ್ಕೆ ವರ್ಷಕ್ಕೆ 120 ಕೋಟಿ, ಮೂರು ವರ್ಷದ ತಂಡಗಳಿಗೆ 360 ಕೋಟಿ ರೂಪಾಯಿ. ದೇಶದ ಬಜೆಟ್ಟಿನಲ್ಲಿ ಇದೇನು ಹೊರಲಾರದ ಹೊರೆಯಲ್ಲ.

ಮೊತ್ತದ ಪ್ರಶ್ನೆಯೂ ಇದೆ. ತಿಂಗಳಿಗೆ 500 ರೂಪಾಯಿ ಇದ್ದದ್ದು 2017ರಲ್ಲಿ 1,000 ಆಯಿತು. ಆಮೇಲೆ ಅಲ್ಲೇ ನಿಂತಿದೆ. ತುಟ್ಟಿಭತ್ಯೆಯನ್ನು ಬೆಲೆ ಏರಿಕೆಗೆ ತಕ್ಕಂತೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸುವ ಸರ್ಕಾರ, ಅದೇ ಸೂಚ್ಯಂಕಕ್ಕೆ ಈ ಸಾವಿರ ರೂಪಾಯಿಯನ್ನೂ ಜೋಡಿಸಲಿ. ಅಲ್ಲಿಯವರೆಗೆ ಕರ್ನಾಟಕ ಸುಮ್ಮನೆ ಕಾಯಬೇಕಿಲ್ಲ. ರಾಜ್ಯದ ಎನ್‌ಎಂಎಂಎಸ್ ವಿಜೇತರು ಯಾರೆಂಬ ಪಟ್ಟಿ ಶಿಕ್ಷಣ ಇಲಾಖೆಯ ಬಳಿಯೇ ಇದೆ. ಸರ್ಕಾರಿ ಪದವಿ ಕಾಲೇಜು ಸೇರುವ ಆ ಮಕ್ಕಳ ಶುಲ್ಕ ಮತ್ತು ಹಾಸ್ಟೆಲ್ ವೆಚ್ಚ ಭರಿಸುವ ಆದೇಶವನ್ನು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲೇ ಹೊರಡಿಸಬಹುದು.