ಹಳೆಯ ಜಾಯ್‌ಸ್ಟಿಕ್ ಮತ್ತು ಮಗಳ ಆಸೆ



ಆಳಂದ ಕಡೆಯ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. "ಆಪಾ, ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಪೈಲಟ್ ಆಗುತ್ತೇನೆ ಅನ್ನುತ್ತಾಳೆ. ಅವಳ ಮಾಮೂ ಸೌದಿಯಿಂದ ತಂದಿದ್ದ ಹಳೆಯ ಜಾಯ್‌ಸ್ಟಿಕ್ ಟ್ರಂಕಿನಲ್ಲಿತ್ತು, ಅದನ್ನು ಹೊರಗೆ ತೆಗೆದಿದ್ದಾಳೆ. ಈಗಿನ ಕಂಪ್ಯೂಟರಿಗೆ ಅದರ ಪ್ಲಗ್ಗೇ ಕೂಡುವುದಿಲ್ಲ. ಗುಜರಿಗೆ ಹಾಕು ಅಂದರೆ ಅಳುತ್ತಾಳೆ. ಏನು ಮಾಡಲಿ?"

ಇಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಹಳೆಯ ವಸ್ತುವಿನದು, ಇನ್ನೊಂದು ಮಗಳದು. ಮೊದಲು ವಸ್ತುವಿನ ಮಾತು.

ಜಾಯ್‌ಸ್ಟಿಕ್ ಎಂದರೆ ಮೇಜಿನ ಮೇಲಿಟ್ಟು ಹಿಡಿಯುವ ಹಿಡಿಕೆ. ಕಂಪ್ಯೂಟರಿನ ಪರದೆಯಲ್ಲಿ ವಿಮಾನ ಹಾರಿಸುವ ಅಭ್ಯಾಸಕ್ಕೆ, ಅಂದರೆ ಫ್ಲೈಟ್ ಸಿಮ್ಯುಲೇಶನ್‌ಗೆ, ಇದು ಬೇಕು. ಹಳೆಯ ಜಾಯ್‌ಸ್ಟಿಕ್‌ಗಳ ಹೊಟ್ಟೆಯಲ್ಲಿ ದೊಡ್ಡ ರಹಸ್ಯವೇನೂ ಇಲ್ಲ. ರೇಡಿಯೋದ ಸದ್ದು ಏರಿಸಿ ಇಳಿಸುವ ಗುಂಡಿಯ ಒಳಗೆ ಇರುವಂಥ ಭಾಗಗಳೇ ಇಲ್ಲಿಯೂ ಇರುತ್ತವೆ. ಹಿಡಿಕೆ ವಾಲಿದಂತೆ ಅವು ತಿರುಗುತ್ತವೆ, ವಿದ್ಯುತ್ತಿಗೆ ಇರುವ ತಡೆ ಹೆಚ್ಚು ಕಡಿಮೆಯಾಗುತ್ತದೆ. ಅದನ್ನು ಅಳೆದು ಹಿಡಿಕೆ ಎಷ್ಟು ವಾಲಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ.

1981ರಲ್ಲಿ ಐಬಿಎಂ ಕಂಪನಿ ತನ್ನ ಪಿಸಿಯನ್ನು ತಂದಾಗ ಇದಕ್ಕೆಂದೇ 15 ಪಿನ್ನುಗಳ 'ಗೇಮ್ ಪೋರ್ಟ್' ಕೊಟ್ಟಿತು. ಆಮೇಲೆ ಅದು ಸೌಂಡ್ ಕಾರ್ಡುಗಳ ಮೇಲೆಯೂ ಬಂತು. 1996ರಲ್ಲಿ ಯುಎಸ್‌ಬಿ ಬಂದ ಬಳಿಕ ಗೇಮ್ ಪೋರ್ಟಿನ ಕಾಲ ಮುಗಿಯುತ್ತ ಹೋಯಿತು. 2007ರ ವಿಂಡೋಸ್ ವಿಸ್ಟಾದಲ್ಲಿ ಅದಕ್ಕೆ ಬೆಂಬಲವೇ ಉಳಿಯಲಿಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟ್ ಇರುವುದೇ ಇಲ್ಲ. ಜಾಯ್‌ಸ್ಟಿಕ್ ಕೆಟ್ಟಿದೆ ಎಂದಲ್ಲ, ಅದರ ಭಾಷೆ ಹಳತಾಗಿದೆ, ಅಷ್ಟೇ.

ಆದ್ದರಿಂದ ಮೊದಲು ಪ್ಲಗ್ ನೋಡಿ. ಪೆನ್‌ಡ್ರೈವ್‌ನಂತೆ ಚಪ್ಪಟೆಯಾಗಿದ್ದರೆ ಅದು ಯುಎಸ್‌ಬಿ. ಹದಿನೈದು ಇಪ್ಪತ್ತು ವರ್ಷ ಹಳೆಯದಾದರೂ ಸಾಮಾನ್ಯವಾಗಿ ಇಂದಿನ ವಿಂಡೋಸ್ ಅದನ್ನು ತಾನೇ ಗುರುತಿಸುತ್ತದೆ. ಹಳೆಯ ಸಿಡಿ ಕಳೆದುಹೋಗಿದೆ ಎಂದು ಚಿಂತಿಸಬೇಕಿಲ್ಲ. ವಿಂಡೋಸ್‌ನ ಹುಡುಕುವ ಜಾಗದಲ್ಲಿ 'ಗೇಮ್ ಕಂಟ್ರೋಲರ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಪರೀಕ್ಷಿಸುವ ಪುಟ ಸಿಗುತ್ತದೆ. ಹಿಡಿಕೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಅದರ ಮಧ್ಯವನ್ನೂ ಅಂಚುಗಳನ್ನೂ ಅಲ್ಲಿ ಹೊಂದಿಸಬಹುದು. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ.

ಪ್ಲಗ್ ಅಗಲವಾಗಿದ್ದು ಎರಡು ಸಾಲಿನಲ್ಲಿ 15 ಪಿನ್ನುಗಳಿದ್ದರೆ ಅದು ಗೇಮ್ ಪೋರ್ಟಿನದು. ಅದಕ್ಕೆ ಯುಎಸ್‌ಬಿ ಅಡಾಪ್ಟರ್ ಬೇಕು. ಇಲ್ಲಿ ಒಂದು ಎಚ್ಚರಿಕೆ. ಪ್ಲಗ್ಗಿನ ಆಕಾರವನ್ನು ಮಾತ್ರ ಬದಲಿಸುವ ತುಂಡು ಸಾಲದು, ಒಳಗೆ ಚಿಪ್ ಇದ್ದು ಹಳೆಯ ಸಂಕೇತವನ್ನು ಹೊಸದಕ್ಕೆ ತಿರುಗಿಸುವಂಥದ್ದೇ ಆಗಬೇಕು. ಮೈಕ್ರೋಸಾಫ್ಟ್‌ನ ಸೈಡ್‌ವೈಂಡರ್‌ನಂಥ ಕೆಲವು ಮಾದರಿಗಳು ಅದೇ ಪ್ಲಗ್ ಇದ್ದರೂ ಡಿಜಿಟಲ್ ಭಾಷೆ ಆಡುತ್ತವೆ. ಸಾಮಾನ್ಯ ಅಡಾಪ್ಟರ್ ಅವಕ್ಕೆ ಹೊಂದುವುದಿಲ್ಲ. ಕೊಳ್ಳುವ ಮೊದಲು ಜಾಯ್‌ಸ್ಟಿಕ್‌ನ ತಳದಲ್ಲಿರುವ ಮಾದರಿಯ ಹೆಸರನ್ನು ಬರೆದುಕೊಂಡು ವಿಚಾರಿಸಿ. ಎಲೆಕ್ಟ್ರಾನಿಕ್ಸ್ ಬಲ್ಲ ಹುಡುಗ ಹುಡುಗಿಯರು ಆರ್ಡುಯಿನೋ ಎಂಬ ಪುಟ್ಟ ಬೋರ್ಡಿನಿಂದ ಇಂಥ ಅಡಾಪ್ಟರನ್ನು ತಾವೇ ಮಾಡಿಕೊಳ್ಳುವುದುಂಟು.

ಹಿಡಿಕೆ ಮುಟ್ಟದಿದ್ದರೂ ಪರದೆಯ ಮೇಲಿನ ಗುರುತು ನಡುಗುತ್ತಿದ್ದರೆ ಒಳಗೆ ಧೂಳು ಕೂತಿರಬಹುದು, ಇಲ್ಲವೇ ಸವೆತವಾಗಿರಬಹುದು. ರೇಡಿಯೋ, ಟಿವಿ ರಿಪೇರಿಯವರಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಇರುತ್ತದೆ, ಒಮ್ಮೆ ಹೊಡೆಸಿ ನೋಡಿ. ಮನೆಯಲ್ಲಿರುವ ಎಣ್ಣೆಯನ್ನು ಮಾತ್ರ ಹಾಕಬೇಡಿ, ಅದು ಧೂಳನ್ನು ಇನ್ನಷ್ಟು ಹಿಡಿಯುತ್ತದೆ.

ಹಾರಿಸಲು ಸಾಫ್ಟ್‌ವೇರ್ ಬೇಕಲ್ಲ? 'ಫ್ಲೈಟ್‌ಗಿಯರ್' ಎಂಬುದು 1990ರ ದಶಕದಿಂದ ಸ್ವಯಂಸೇವಕರು ಕಟ್ಟುತ್ತ ಬಂದದ್ದು, ಸಂಪೂರ್ಣ ಉಚಿತ. ಕದ್ದ ಕಾಪಿ ತಂದು ಹರಾಮಿಗೆ ಕೈಹಾಕುವ ಅಗತ್ಯವೇ ಇಲ್ಲ. ಜಗತ್ತಿನ ಅನೇಕ ತರಬೇತಿ ಶಾಲೆಗಳು ಬಳಸುವ ಸೆಸ್ನಾ 172 ಎಂಬ ಪುಟ್ಟ ವಿಮಾನವೂ ಅದರಲ್ಲಿದೆ.

ಸಹೋದರಿಯರೇ, ದುಂದುವೆಚ್ಚ ಮಾಡುವವರನ್ನು ಪವಿತ್ರ ಕುರ್‌ಆನ್ ಶೈತಾನನ ಸಹೋದರರ ಸಾಲಿಗೆ ಸೇರಿಸಿದೆ. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ರಿಪೇರಿ ಮಾಡಿ ಬಳಸುವುದು ಬಡವರ ಅನಿವಾರ್ಯತೆ ಮಾತ್ರವಲ್ಲ, ಅದು ಸುನ್ನತ್ತಿನ ದಾರಿ.

ಇನ್ನು ಮಗಳ ಪ್ರಶ್ನೆ. ಪೈಲಟ್ ಎಂದ ಕೂಡಲೇ ಕೆಲವು ಮನೆಗಳಲ್ಲಿ "ಹೆಣ್ಣು ಮಗುವಿಗೆ ಇದೆಲ್ಲ ಯಾಕೆ" ಎನ್ನುತ್ತಾರೆ. ಇನ್ನು ಕೆಲವರು ತೊಗರಿ ಹೊಲವನ್ನು ಅಡವಿಟ್ಟು ದುಡ್ಡು ತರಲು ಓಡುತ್ತಾರೆ. ಎರಡೂ ಅವಸರವೇ. ಉರ್ದು ಕಥೆಗಾರ್ತಿ ಹಿಜಾಬ್ ಇಮ್ತಿಯಾಝ್ ಅಲಿ 1936ರಲ್ಲಿಯೇ ಪೈಲಟ್ ಪರವಾನಗಿ ಪಡೆದಿದ್ದರು. ನಮ್ಮ ಪಕ್ಕದ ಹೈದರಾಬಾದಿನ ಸೈಯದಾ ಸಲ್ವಾ ಫಾತಿಮಾ ಬೇಕರಿ ಕೆಲಸಗಾರರೊಬ್ಬರ ಮಗಳು. ಇತರರ ನೆರವಿನಿಂದ ಓದಿ ವಾಣಿಜ್ಯ ಪೈಲಟ್ ಆದರು. ನಮ್ಮ ಜಿಲ್ಲೆಯಲ್ಲೇ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು, ನಂತರ ಅಲ್ಲಿಗೆ ಪೈಲಟ್ ತರಬೇತಿಯೂ ಬಂತು. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಆಕಾಶ ನೋಡಿ ಆಸೆಪಟ್ಟರೆ ಅದರಲ್ಲಿ ತಪ್ಪೇನಿದೆ?

ಆದರೆ ಮಗಳಿಗೆ ಸತ್ಯವನ್ನೂ ಹೇಳಿ. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಮನೆಯ ಜಾಯ್‌ಸ್ಟಿಕ್‌ನ ಒಂದು ಗಂಟೆಯೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾಗಿರಬೇಕು. ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸಾಲದ ಮಾತು ಬರುವ ಮೊದಲೇ ಆ ಪರೀಕ್ಷೆ ಮಾಡಿಸಿ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಕಣ್ಣಿನ ದೋಷ ತಿಳಿದರೆ ಮನೆಯೆಲ್ಲ ಅಳಬೇಕಾದೀತು.

ಹಾಗಾದರೆ ಜಾಯ್‌ಸ್ಟಿಕ್‌ನಿಂದ ಪ್ರಯೋಜನವೇನು? ಆಸೆಯನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಬಹುದು. ಹಿಡಿಕೆಯನ್ನು ಹಿಂದಕ್ಕೆ ಎಳೆದರೆ ವಿಮಾನದ ಮೂಗು ಮೇಲೇಳುತ್ತದೆ. ಹೊಸಬರು ಎಳೆಯುತ್ತಲೇ ಇರುತ್ತಾರೆ. ವೇಗ ಕುಗ್ಗಿ ರೆಕ್ಕೆ ತನ್ನ ಬಲ ಕಳೆದುಕೊಳ್ಳುತ್ತದೆ, ವಿಮಾನ ಬೀಳತೊಡಗುತ್ತದೆ. ಆಗ ಹಿಡಿಕೆಯನ್ನು ಮುಂದಕ್ಕೆ ತಳ್ಳಿ, ಮೂಗನ್ನು ತಗ್ಗಿಸಿ ವೇಗ ಪಡೆಯಬೇಕು. ಬೀಳುವಾಗ ಮೂಗು ತಗ್ಗಿಸಲು ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ಅಭ್ಯಾಸ ಬೇಕು. ಹತ್ತು ಸಲ ಬಿದ್ದ ಮೇಲೆಯೂ ಹನ್ನೊಂದನೆಯ ಸಲ ಪುಸ್ತಕ ತೆರೆದು ಕಾರಣ ಹುಡುಕುವ ಮಗಳು ಆಟವಾಡುತ್ತಿಲ್ಲ, ಕಲಿಯುತ್ತಿದ್ದಾಳೆ. ವಾರದಲ್ಲೇ ಬೇಸತ್ತು ಬಿಟ್ಟರೆ ಅದೂ ಒಳ್ಳೆಯದೇ. ನಿಮ್ಮ ಹೊಲ ಉಳಿಯಿತು, ಮಗಳ ಮನಸ್ಸು ಅವಳಿಗೇ ತಿಳಿಯಿತು.

ದಿನಕ್ಕೆ ಇಷ್ಟೇ ಹೊತ್ತು ಎಂದು ನಿಗದಿ ಮಾಡಿ. ಅಝಾನ್ ಕೇಳಿದೊಡನೆ ವಿಮಾನ ಇಳಿಯಲಿ, ಪರೀಕ್ಷೆಯ ದಿನಗಳಲ್ಲಿ ಹಾರದಿರಲಿ. ಆಗಾಗ ನೀವೂ ಅವಳ ಪಕ್ಕದಲ್ಲಿ ಕುಳಿತು, "ಈಗ ಏನು ಮಾಡಿದೆ ಬೇಟಾ?" ಎಂದು ಕೇಳಿ. ತಾಯಿಗೆ ಅರ್ಥವಾಗುವಂತೆ ಹೇಳಬಲ್ಲ ಮಗಳಿಗೆ ವಿಷಯ ತಿಳಿದಿದೆ ಎಂದೇ ಅರ್ಥ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನವಾಗುವ ಜ್ಞಾನವನ್ನೂ, ನಮಗೆ ಅವರ ಮಾತು ಕೇಳುವ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.