ಚಳಿಗೆ ನಿಂತ ಗಡಿಯಾರ, ಬಿಸಿ ಮಾಡಿದ ಜ್ಯೂಸ್ ಡಬ್ಬಿ

ಪ್ರೊಡಕ್ಷನ್‌ನಲ್ಲಿ ಕೋಡ್ ಕೈಕೊಟ್ರೆ ನಾವು ಲಾಗ್ ತೆಗೆದು ನೋಡ್ತೀವಿ. ಆದ್ರೆ ಕೆಟ್ಟಿರೋ ಮಷೀನೇ ವಾಪಸ್ ಬರಲ್ಲ ಅಂದ್ರೆ? 1952ರಲ್ಲಿ ಗ್ರೀನ್‌ಲ್ಯಾಂಡ್ ಹತ್ತಿರದ ಸಮುದ್ರದಲ್ಲಿ ಜೇಮ್ಸ್ ವ್ಯಾನ್ ಆಲನ್ ಅನ್ನೋ ಅಮೆರಿಕದ ಭೌತವಿಜ್ಞಾನಿಗೆ ಬಂದಿದ್ದ ಪೇಚು ಇದು.

ಅವರು 'ಈಸ್ಟ್‌ವಿಂಡ್' ಅನ್ನೋ ಕೋಸ್ಟ್ ಗಾರ್ಡ್ ಹಡಗಿನಲ್ಲಿದ್ರು. ದೊಡ್ಡ ರಾಕೆಟ್‌ಗೆ ದುಡ್ಡಿರಲಿಲ್ಲ. ಸಣ್ಣ ರಾಕೆಟ್ ನೆಲದಿಂದ ಹಾರಿಸಿದ್ರೆ ದಟ್ಟ ಗಾಳಿ ಸೀಳೋದ್ರಲ್ಲೇ ಅದರ ಶಕ್ತಿಯೆಲ್ಲ ಖಾಲಿ. ಅದಕ್ಕೆ ರಾಕೆಟ್ಟನ್ನ ಬಲೂನಿಗೆ ನೇತುಹಾಕಿ ಮೇಲೆ ಕಳಿಸಿ, ಗಾಳಿ ತೆಳುವಾದ ಕಡೆ ಹೊತ್ತಿಸೋ ಉಪಾಯ. ಹೆಸರು 'ರಾಕೂನ್'.

ಮೊದಲ ಬಲೂನು ಸುಮಾರು 21 ಕಿ.ಮೀ. ಏರಿತು, ರಾಕೆಟ್ ಹೊತ್ತಲಿಲ್ಲ. ಎರಡನೇದೂ ಹಂಗೇ. ಬಿಚ್ಚಿ ನೋಡೋಣ ಅಂದ್ರೆ ಕೈಗೆ ಸಿಗಲ್ಲ. ಮೇಲಿನ ಚಳಿಗೆ ಒಳಗಿನ ಗಡಿಯಾರ ನಿಂತಿರಬೇಕು ಅಂತ ವ್ಯಾನ್ ಆಲನ್ ಊಹಿಸಿದ್ರು. ಹಡಗಿನಲ್ಲಿದ್ದ ಕಿತ್ತಳೆ ಜ್ಯೂಸ್ ಡಬ್ಬಿಗಳನ್ನ ಬಿಸಿ ಮಾಡಿ, ಗಡಿಯಾರದ ಪಕ್ಕ ಇಟ್ಟು, ಬೆಚ್ಚಗೆ ಸುತ್ತಿ ಮೂರನೇದನ್ನ ಬಿಟ್ರು. ರಾಕೆಟ್ ಹೊತ್ತಿಕೊಂಡು ಸುಮಾರು 60 ಕಿ.ಮೀ. ಎತ್ತರಕ್ಕೆ ಹೋಯ್ತು. ನಮ್ಮ ದಾವಣಗೆರೆಯಿಂದ ಚಿತ್ರದುರ್ಗದಷ್ಟು ದೂರ, ಆದ್ರೆ ಮೇಲಕ್ಕೆ! ನಾನು ಓದಿರೋ ಬಗ್ ಫಿಕ್ಸ್‌ಗಳಲ್ಲಿ ಇದಕ್ಕೇ ಮೊದಲ ಬಹುಮಾನ.

ಹಡಗೇ ಯಾಕೆ? ವಿಶ್ವಕಿರಣಗಳಿಗೆ ವಿದ್ಯುದಂಶ ಇರೋದ್ರಿಂದ ಭೂಮಿಯ ಕಾಂತಕ್ಷೇತ್ರ ಅವನ್ನ ಬಾಗಿಸುತ್ತೆ. ಕಾಂತೀಯ ಸಮಭಾಜಕದ ಹತ್ತಿರ ಬಲವಾದವು ಮಾತ್ರ ಒಳಗೆ ಬರ್ತವೆ, ಧ್ರುವದ ಕಡೆ ದುರ್ಬಲವೂ ನುಗ್ತವೆ. ಹೋಲಿಸಬೇಕಂದ್ರೆ ಬೇರೆ ಬೇರೆ ಅಕ್ಷಾಂಶದಲ್ಲಿ ಅಳೀಬೇಕು. ಎಲ್ಲ ಕಡೆ ಉಡಾವಣಾ ಕೇಂದ್ರ ಕಟ್ಟೋಕಾಗುತ್ತಾ? ಇನ್ನೊಂದು ಅನುಕೂಲ ನೋಡ್ರಿ: ಗಾಳಿ ಬೀಸೋ ದಿಕ್ಕಿಗೇ, ಅದರ ವೇಗದಲ್ಲೇ ಹಡಗು ಓಡಿಸಿದ್ರೆ ಡೆಕ್ ಮೇಲೆ ಗಾಳಿಯೇ ಇರಲ್ಲ. ಬಲೂನು ಹರಿಯದಂಗೆ ಆರಾಮಾಗಿ ಉಬ್ಬಿಸಬಹುದು.

ಇದೇ ಅಕ್ಷಾಂಶದ ಪ್ರಶ್ನೆ ಅದಕ್ಕೂ ಮುಂಚೆ ಕೆಲವರನ್ನ ನಮ್ಮ ಬೆಂಗಳೂರಿಗೆ ಕರಕೊಂಡು ಬಂದಿತ್ತು. 1939-40ರ ಚಳಿಗಾಲದಲ್ಲಿ ನೊಬೆಲ್ ವಿಜೇತ ರಾಬರ್ಟ್ ಮಿಲಿಕನ್, ಹೆನ್ರಿ ವಿಕ್ಟರ್ ನೆಹರ್, ವಿಲಿಯಂ ಪಿಕರಿಂಗ್ ಅಮೆರಿಕದಿಂದ ಬಂದು, ಆಗ್ರಾ, ಪೇಶಾವರದ ಜೊತೆಗೆ ಬೆಂಗಳೂರಲ್ಲೂ ವಿಶ್ವಕಿರಣ ಅಳೆಯೋ ಬಲೂನು ಹಾರಿಸಿದ್ರು. ಬೆಂಗಳೂರು ಕಾಂತೀಯ ಸಮಭಾಜಕಕ್ಕೆ ಹತ್ತಿರ, ಅದಕ್ಕೆ. ಐಟಿಗೂ ಇಸ್ರೋಗೂ ಎಷ್ಟೋ ಮೊದಲಿನ ಮಾತು. ನಾನು ಬಿ.ಇ. ಮುಗಿಸಿ ಆವರಗೆರೆಯಿಂದ ಬೆಂಗಳೂರಿಗೆ ಹೋದಾಗ ಇದನ್ನ ಯಾರೂ ಹೇಳಿರಲಿಲ್ಲ.

ಬಲೂನು ಒಂದು ಎತ್ತರಕ್ಕೆ ನಿಂತುಬಿಡುತ್ತೆ, ರಾಕೂನು ಅದರಾಚೆ ಹೋಯ್ತು, ಆಮೇಲೆ ಉಪಗ್ರಹ. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರ ಮಾದರಿಯನ್ನ ಮೂವರು ತಲೆ ಮೇಲೆ ಎತ್ತಿ ಹಿಡಿದ ಪ್ರಸಿದ್ಧ ಫೋಟೋ ಇದೆ, ಹುಡುಕಿ ನೋಡಿ. ನಡುವೆ ನಿಂತವರು ಜ್ಯೂಸ್ ಡಬ್ಬಿಯ ವ್ಯಾನ್ ಆಲನ್. ಎಡಕ್ಕೆ ಇರೋರು ಬೆಂಗಳೂರಲ್ಲಿ ಬಲೂನು ಹಾರಿಸಿದ್ದ ಪಿಕರಿಂಗ್.